ಗುಣವಾದ ಮೇಲೆ ಒಂದು ಸಲ

ಬೆಳಗ್ಗೆ ಎದ್ದ ಕೂಡಲೇ ಕೆಲವರು ದೇವರ ಪಟ ನೋಡುತ್ತಾರೆ, ಕೆಲವರು ಅಂಗೈ ನೋಡಿಕೊಳ್ಳುತ್ತಾರೆ. ನಾನು ನಾಲಿಗೆ ನೋಡಿಕೊಳ್ಳುತ್ತೇನೆ. ಕಿಟಕಿಗೆ ಸಿಕ್ಕಿಸಿದ ಸಣ್ಣ ಕನ್ನಡಿಯಲ್ಲಿ ಅದರ ಬಣ್ಣ ನಿನ್ನೆಯಂತೆಯೇ ಇದ್ದರೆ ಒಂದು ಬಗೆಯ ನೆಮ್ಮದಿ. ತುಸು ಬೇರೆಯಾಗಿದ್ದರೆ ಇನ್ನೊಂದು ಬಗೆಯ ನೆಮ್ಮದಿ, ಏಕೆಂದರೆ ವೈದ್ಯರಲ್ಲಿಗೆ ಹೋಗಲು ಕಾರಣ ಸಿಕ್ಕಿತು.

ರಾಜನಲ್ಲಿಗೆ, ಗುರುವಿನಲ್ಲಿಗೆ, ವೈದ್ಯನಲ್ಲಿಗೆ ಬರಿಗೈಯಲ್ಲಿ ಹೋಗಬಾರದೆಂದು ಹಿರಿಯರು ಹೇಳಿಟ್ಟಿದ್ದಾರೆ. ಎಷ್ಟು ದಿನಕ್ಕೊಮ್ಮೆ ಹೋಗಬೇಕೆಂದು ಮಾತ್ರ ಯಾರೂ ಹೇಳಿಲ್ಲ. ಹೇಳಿದ್ದರೆ ನನಗೆ ಈ ವ್ಯಥೆ ಇರುತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಒಬ್ಬ ನನಗೆ ಸ್ಪಷ್ಟವಾಗಿಯೇ ಹೇಳಿದ್ದ.

ನಾನು ಗೂಡಲೂರಿನ ಮರದ ಡಿಪೋದಲ್ಲಿ ಗುಮಾಸ್ತ. ಮೂರು ವರ್ಷದ ಹಿಂದೆ ದೀಪಾವಳಿಯ ಹೊತ್ತಿಗೆ ನನಗೆ ಕಾಮಾಲೆ ಹಿಡಿಯಿತು. ಎರಡು ಸೀಸೆ ಕೆಂಪು ಮಿಕ್ಸ್ಚರು ಕುಡಿದರೂ ಕಣ್ಣಿನ ಹಳದಿ ಅಲುಗಲಿಲ್ಲ, ಹೊಟ್ಟೆನೋವೂ ಬಿಡಲಿಲ್ಲ. ತೊರಪಳ್ಳಿಯಾಚೆ ಕಾಡಂಚಿನ ಗುಡಿಸಲಲ್ಲಿ ಕೇತಜ್ಜನೆಂಬವನಿದ್ದ, ಕಾಡಿನ ಜನರ ಪೈಕಿ, ಬೇರುನಾರಿನ ಮದ್ದು ಬಲ್ಲವನು. ಅವನು ನನ್ನ ಕಣ್ಣರೆಪ್ಪೆ ಎತ್ತಿ ನೋಡಿ, ಯಾವುದೋ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕೊಟ್ಟ. ಉಪ್ಪು, ಹುಳಿ, ಖಾರ ಮುಟ್ಟಬಾರದೆಂದ.

“ಎಷ್ಟು ಸಲ ಬರಬೇಕು ಅಜ್ಜ?” ಎಂದೆ.

“ಮೂರು ಕಿತ ಸಾಕು ಬುದ್ಧಿ. ಆಮ್ಯಾಕೆ ವಾಸಿಯಾದ್ಮೇಲೆ ಒಂದ್ ಕಿತ ಬಂದು ಮಖ ತೋರ್ಸಿ.”

ಮೂರು ಸಲ ಸಾಕೆಂಬುದು ನನ್ನಂಥವನಿಗೆ ಹೇಳುವ ಮಾತೇ? ಹದಿನೇಳು ಸಲ ಹೋದೆ. ಮೂತ್ರದ ಬಣ್ಣ ವರದಿ ಮಾಡಲು ಹೋದೆ. ಕನಸಿನಲ್ಲಿ ಉಪ್ಪಿನಕಾಯಿ ತಿಂದದ್ದು ಪಥ್ಯಭಂಗವೇ ಎಂದು ಕೇಳಲು ಹೋದೆ. “ಕನಸ್ನಾಗೆ ತಿಂದದ್ದು ಕನಸ್ನಾಗೇ ಅರಗ್ತದೆ, ಹೋಗಿ” ಎಂದು ಕಳಿಸಿದ. ಬೇಸರವನ್ನಂತೂ ತೋರಿಸಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಕಣ್ಣು ಬೆಳ್ಳಗಾಯಿತು. ಹದಿನೆಂಟನೆಯ ಸಲಕ್ಕೆ ಹೊರಟು ನಿಂತಾಗ, ನಂಜನಗೂಡಿನ ಕಡೆಯವಳಾದ ನನ್ನ ಹೆಂಡತಿ ಬಾಗಿಲಿಗೆ ಅಡ್ಡ ಬಂದಳು. “ಗುಣ ಆದ್ಮೇಲೆ ಮದ್ದು ಕೊಟ್ಟ ಮನೆ ಹೊಸ್ತಿಲು ತುಳೀತಾರೇನ್ರೀ? ರೋಗಕ್ಕೆ ದಾರಿ ತೋರಿಸಿದ ಹಾಗೆ.” ನಮ್ಮ ಕಡೆ ವೈದ್ಯರ ಮನೆಯಿಂದ ಹೊರಡುವಾಗ ‘ಹೋಗಿಬರುತ್ತೇನೆ’ ಎಂದು ಸಹ ಹೇಳುವುದಿಲ್ಲ, ಸುಮ್ಮನೆ ಎದ್ದು ಬಂದುಬಿಡುತ್ತೇವೆ. ಬೇರೆ ಯಾವ ವಿಷಯದಲ್ಲೂ ಅವಳ ಮಾತು ಕೇಳದ ನಾನು ಇದೊಂದನ್ನು ವೇದವಾಕ್ಯವೆಂದು ಒಪ್ಪಿಕೊಂಡೆ. ಆಮೇಲೆ ಎರಡು ಸಲ ಮೈಸೂರಿನ ಮೋಟಾರಿನಲ್ಲಿ ತೊರಪಳ್ಳಿಯನ್ನು ದಾಟಿದೆ. ಎರಡನೆಯ ಸಲ ಕೇತಜ್ಜ ರಸ್ತೆಯ ಬದಿಯಲ್ಲಿ ನಿಂತು ಕೈಯೆತ್ತಿದ. ನಾನು ಕಾಲಡಿಯ ಗಂಟನ್ನು ಹುಡುಕುವವನಂತೆ ಬಗ್ಗಿ ಕುಳಿತೆ, ರೋಗ ನನ್ನನ್ನು ಗುರುತು ಹಿಡಿಯದಿರಲಿ ಎಂದು.

ಉಪ್ಪಿಗಾಗಿ ಜನ ಸಮುದ್ರದ ಕಡೆ ನಡೆದ ಬೇಸಗೆ ಅದು. ಸಾಹೇಬರು ಊಟಿಗೆ ಹೋಗಿದ್ದ ಧೈರ್ಯದಲ್ಲಿ ನಾನು ಡಿಪೋದ ಜಗಲಿಯ ಮೇಲೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಬಡವನ ಗಂಜಿಗೆ ಉಪ್ಪು ಎಷ್ಟು ಮುಖ್ಯವೆಂದು ಸೌದೆ ಹೊತ್ತು ತಂದವರಿಗೆ ವಿವರಿಸುತ್ತಿದ್ದೆ. ಅವರಲ್ಲಿ ಕೇತಜ್ಜನ ಮಗಳು ಮಾದಿಯೂ ಇದ್ದಳು. ಹೊರೆ ಇಳಿಸಿ ನನ್ನನ್ನೇ ದಿಟ್ಟಿಸಿದಳು.

“ಬುದ್ಧಿ, ನಿಮ್ಗೆ ಇನ್ನೂ ವಾಸಿಯಾಗ್ನಿಲ್ವಾ?”

“ಆಗಿ ನಾಲ್ಕು ತಿಂಗಳಾಯ್ತಲ್ಲ.”

“ಮತ್ತೆ ನಮ್ಮಪ್ಪ ಯಾಕೆ ಇನ್ನೂ ಸಪ್ಪೆ ಗಂಜಿ ಕುಡೀತಾವ್ನೆ?”

ಅವರ ಮನೆಯ ಮದ್ದಿನ ಕ್ರಮ ನನಗೆ ಆಗ ತಿಳಿಯಿತು. ರೋಗಿಯ ಜೊತೆಗೆ ಮದ್ದು ಕೊಟ್ಟವನೂ ಉಪ್ಪು ಬಿಡಬೇಕು. ಗುಣವಾದವನು ಬಂದು ತನ್ನ ಕೈಯಾರೆ ಅವನ ಕೈಗೆ ಉಪ್ಪು ಹಾಕುವವರೆಗೆ ಅವನ ಪಥ್ಯ ಮುಗಿಯುವುದಿಲ್ಲ. ಹದಿನೇಳು ಸಲ ನಾನು ಹೋದದ್ದು ನನಗಾಗಿ. ಹೋಗದೆ ಉಳಿದ ಆ ಒಂದು ಸಲ ಅವನಿಗಾಗಿ ಇತ್ತು.

“ಮಸಿನಗುಡೀಲಿ ಮೊಮ್ಮಗಳ ಮದ್ವೆ ಆಯ್ತು. ಎಲೆ ಮುಂದೆ ಕುಂತ್ಕಳ್ದೆ ಆಚೆ ಮರದಡಿ ಗಂಜಿ ಕುಡ್ದ” ಎಂದಳು ಮಾದಿ. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ನಾನು ಪತ್ರಿಕೆಯನ್ನು ಮಡಿಸಿಟ್ಟೆ.

ಅಂದೇ ಕಲ್ಲುಪ್ಪಿನ ಪೊಟ್ಟಣ ಕಟ್ಟಿಸಿಕೊಂಡು ಅವಳ ಹಿಂದೆ ನಡೆದೆ. ಕೇತಜ್ಜ ಮೊದಲು ನನ್ನನ್ನು ಬಿಸಿಲಿಗೆ ತಿರುಗಿಸಿ ಕಣ್ಣು ನೋಡಿದ. ಖಾತ್ರಿಯಾಗದೆ ಉಪ್ಪಿಗೆ ಕೈಯೊಡ್ಡುವವನಲ್ಲ. ಗಾಬರಿಯಲ್ಲಿ ನಾನು ಪೊಟ್ಟಣವನ್ನಿಡೀ ಅವನ ಬೊಗಸೆಗೆ ಸುರಿದೆ.

“ಇದೇನ್ ಬುದ್ಧಿ, ಮೀನು ಒಣಗಾಕ್ಬೇಕಾ?” ಎಂದು ನಕ್ಕು, ಒಂದು ಹರಳನ್ನು ನಾಲಿಗೆಯ ಮೇಲಿಟ್ಟುಕೊಂಡ. ಮುಖ ಹಿಂಡಿಕೊಂಡಿತು. ಉಗಿದು, “ನಾಲಿಗೆ ಮರ್ತ್ಬುಟ್ಟದೆ” ಎಂದ.

ಹೇಳಿಕಳಿಸಬಾರದಿತ್ತೇ ಎಂದು ಕೇಳಿದೆ, ತಪ್ಪು ಅವನದೇ ಎಂಬಂತೆ.

“ಕೇಳಿ ಈಸ್ಕಂಡ್ರೆ ಆಯ್ತದಾ? ಅದೂ ಅಲ್ದೆ ಮೋಟಾರ್‌ನಾಗೆ ನೋಡಿದ್ನಲ್ಲ, ಬಗ್ಗಿ ಕುಂತಿದ್ರಿ. ಪಾಪ, ಹೊಟ್ಟೆನೋವು ಇನ್ನೂ ಬಿಟ್ಟಿಲ್ಲ ಅಂದ್ಕಂಡೆ.”

ಆಮೇಲೆ ಎರಡು ವರ್ಷ ಕಾರಣವಿದ್ದೂ ಇಲ್ಲದೆಯೂ ಅವನಲ್ಲಿಗೆ ಹೋಗುತ್ತಲೇ ಇದ್ದೆ. “ರೋಗ ಇಲ್ದೋರೆಲ್ಲ ಹಿಂಗೆ ಬಂದ್ರೆ ರೋಗದೋರು ಎಲ್ಲಿ ಕುಂತ್ಕತಾರೆ?” ಎಂದು ಹಾಸ್ಯ ಮಾಡುತ್ತಿದ್ದ. ಪ್ರತಿ ಸಲವೂ, ಆವೊತ್ತು ನಾನು ಬಗ್ಗಿದ್ದು ಹೊಟ್ಟೆನೋವಿಗಲ್ಲ ಎಂದು ಹೇಳಿಬಿಡಬೇಕೆಂದು ಹೊರಡುತ್ತಿದ್ದೆ. ಪ್ರತಿ ಸಲವೂ ನನ್ನ ಮೊಣಕಾಲಿನ ವಿಷಯ ಮಾತಾಡಿ ಎದ್ದು ಬರುತ್ತಿದ್ದೆ. ಹೋದ ಮಳೆಗಾಲದಲ್ಲಿ ಕೇತಜ್ಜ ತೀರಿಕೊಂಡ.

ಉಪ್ಪುಂಡ ಮನೆಗೆ ಎರಡು ಬಗೆಯಬಾರದೆನ್ನುತ್ತಾರೆ. ನಮಗಾಗಿ ಉಪ್ಪು ಬಿಟ್ಟ ಮನೆಗೆ ಎರಡು ಬಗೆದವನು ಏನು ಮಾಡಬೇಕೋ ಯಾರೂ ಹೇಳಿದಂತಿಲ್ಲ. ನನ್ನಿಂದಾದದ್ದು ಇಷ್ಟೇ: ಸಾರಿಗೆ ಉಪ್ಪು ಸಾಲದೆಂದು ದಿನಕ್ಕೆರಡು ಸಲ ದೂರುತ್ತಿದ್ದವನು ಈಗ ದೂರುವುದಿಲ್ಲ. ಹೆಂಡತಿಗೆ ಇದು ಗೊತ್ತಾಗಿದೆ. ಈಚೆಗೆ ಒಮ್ಮೊಮ್ಮೆ ಉಪ್ಪು ಹಾಕುವುದನ್ನೇ ಮರೆಯುತ್ತಾಳೆ. ಸದ್ದಿಲ್ಲದೆ ಉಂಡು ಏಳುತ್ತೇನೆ.

ಬೆಳಗ್ಗೆ ನಾಲಿಗೆ ನೋಡಿಕೊಳ್ಳುವ ಚಟ ಮಾತ್ರ ಹೋಗಿಲ್ಲ. ಬಣ್ಣ ಕೆಟ್ಟಿದ್ದರೆ ಹೋಗಿ ತೋರಿಸಲು ಈ ಊರಿನಲ್ಲಿ ಇಬ್ಬರು ಡಾಕ್ಟರರಿದ್ದಾರೆ. ಸರಿಯಾಗಿದ್ದರೆ ಎಲ್ಲಿಗೆ ಹೋಗಿ ಹೇಳಲಿ ಎಂದು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.