ಚಿಕ್ಕಮ್ಮನ ಹಿತ್ತಲಿನ ಇಕ್ಕಳ

ನಿನ್ನೆ ಸಂಜೆಯದೇ ಆದರೂ ಕೆಲವು ವಿವರ ತಪ್ಪಿರಬಹುದು. ಕೆಂಡದ ಮೇಲೆ ಮುಸುಕಿನ ಜೋಳವಿತ್ತು, ಆಲೂಗಡ್ಡೆಯೂ ಇತ್ತೇನೋ.

ಏಪೆಕ್ಸ್ ಎಂಬ ಊರಿನ ತಮ್ಮ ಮನೆಯ ಹಿತ್ತಲಲ್ಲಿ, ಚಿಕ್ಕಪ್ಪ ತೀರಿಕೊಂಡ ಮೇಲೆ ಮೊದಲ ಬಾರಿ ಚಿಕ್ಕಮ್ಮ ಸೌದೆಗೆ ಬೆಂಕಿ ಹಚ್ಚಿದ್ದರು. ಜೋಹಾನ್ಸ್‌ಬರ್ಗ್‌ನಲ್ಲಿದ್ದಾಗ ಇಬ್ಬರಿಗೂ ಅಂಟಿಕೊಂಡ ಭಾನುವಾರದ ಅಭ್ಯಾಸವದು; ಅಲ್ಲಿಯವರು ‘ಬ್ರಾಯ್’ ಎನ್ನುತ್ತಾರೆ. ತೆನೆ ತಿರುಗಿಸೋಣವೆಂದು ನಾನು ಇಕ್ಕಳಕ್ಕೆ ಕೈ ಹಾಕಿದೆ.

“ಏ, ಮುಟ್ಬೇಡ ಕಣೇ! ಬೆಂಕಿ ಯಾರದೋ ಇಕ್ಕಳ ಅವರದ್ದೇ. ಅಲ್ಲಿನ ರೂಲ್ ಅದು. ನಿಮ್ಮ ಚಿಕ್ಕಪ್ಪ ನಂಗೇ ಒಂದಿನ ಕೊಟ್ಟಿಲ್ಲ!” ಎಂದು ಚಿಕ್ಕಮ್ಮ ನಕ್ಕರು.

ಆದರೆ ಅವರೂ ಅದನ್ನು ಎತ್ತಿಕೊಳ್ಳಲಿಲ್ಲ. ತೆನೆಗಳ ಒಂದು ಮಗ್ಗುಲು ಕಪ್ಪಾಗುತ್ತಿತ್ತು.

“ಹಾಗಾದ್ರೆ ಈ ಬೆಂಕಿ ಯಾರದು, ಚಿಕ್ಕಮ್ಮ?” ಎಂದು ಕೇಳಿದೆ.