ಕುರುಗೋಡು ತಿರುವಿನ ಅರವಟ್ಟಿಗೆ

ಮೊನ್ನೆ ಸೊಸೆ ಹೊಸ ಮಡಕೆ ತಂದಳು. ಎರಡು ದಿನ ನೆನೆಸಿ, ತೊಳೆದು, ಒಳಗೆ ಲಾವಂಚದ ಬೇರಿನ ಕಟ್ಟು ಹಾಕಿ, ಅಡುಗೆಮನೆಯ ಮೂಲೆಯಲ್ಲಿ ಮರಳು ಹರಡಿ ಅದರ ಮೇಲೆ ಕೂರಿಸಿದಳು. ಫ್ರಿಜ್ ಇರುವ ಮನೆಯಲ್ಲಿ ಇದೇನು ಎಂದು ಮಗ ನಕ್ಕ. ನನಗೆ ನಗು ಬರಲಿಲ್ಲ. ಹಸಿ ಮಣ್ಣು, ಲಾವಂಚ ಎರಡೂ ಕೂಡಿದ ಆ ವಾಸನೆ ನಡುಮನೆಗೆ ಬರುವಷ್ಟರಲ್ಲಿ ನನ್ನ ಹಲ್ಲು ತಾನೇ ಕಚ್ಚಿಕೊಂಡಿತ್ತು. "ಮಾಮಾ, ನೀರು ತಂಪಾಗ್ಯಾವ, ಕುಡೀರಿ" ಎಂದು ಅವಳು ಲೋಟ ತಂದಳು. ಅಲ್ಲಿಡು ಎಂದೆ.

ಬಳ್ಳಾರಿಯ ಪಾರ್ವತಿನಗರದ ಈ ಮನೆಗೆ ಬಂದು ಇಷ್ಟು ವರ್ಷವಾದರೂ ನಾನು ಲಾವಂಚದ ನೀರು ಕುಡಿದಿಲ್ಲ. ಯಾಕೆ ಎಂದು ಮನೆಯವರು ಕೇಳಿಲ್ಲ, ನಾನೂ ಹೇಳಿಲ್ಲ. ಹೇಳಬೇಕೆಂದರೆ ಕಾರ್ಯದರ್ಶಿಗಳಿಂದ ಶುರು ಮಾಡಬೇಕು.

ಬಳ್ಳಾರಿಯಲ್ಲಿ ಹತ್ತಿಪೇಟೆಯ ಹಿಂದೆ ಒಂದು ಸೇವಾ ಸಂಘವಿತ್ತು. ಒಂದು ಕೋಣೆ, ಎರಡು ಬೆಂಚು, ಗೋಡೆಗೆ ನಿಯಮಗಳ ಹಲಗೆ. ಅದರ ಕಾರ್ಯದರ್ಶಿ ಪೇಟೆಯಲ್ಲಿ ಗೌರವಸ್ಥರು. ಮೊಳಕಾಲು ದಾಟಿದ ಬಿಳಿ ಕೋಟು, ಕಂಕುಳಲ್ಲಿ ಕೊಡೆ. ಬೇರೆಯವರು ಹಣ ಕೊಟ್ಟು ಹೆಸರು ಹಾಕಿಸಿಕೊಂಡರೆ ಇವರು ಮೈ ಬಗ್ಗಿಸುತ್ತಿದ್ದರು. ಪ್ರತಿ ಬೇಸಿಗೆಗೆ ದಾರಿಹೋಕರಿಗಾಗಿ ಅರವಟ್ಟಿಗೆ ಇಡಿಸುತ್ತಿದ್ದರು. ಕುರುಗೋಡಿನ ಕಡೆ ತಿರುಗುವಲ್ಲಿ ಒಂದು ಬೇವಿನ ಮರವಿತ್ತು. ಅದರ ಕೆಳಗೆ ತಡಿಕೆಯ ಚಪ್ಪರ, ಮರಳಿನ ಮೇಲೆ ಆರು ಮಡಕೆ, ಮಡಕೆಗೆ ಸುತ್ತಿದ ಒದ್ದೆ ಗೋಣಿ, ನೀರಿಗೆ ಲಾವಂಚ. ಕಾಲುವೆ ನೀರು ಇನ್ನೂ ಬಂದಿರದ ಆ ಕಾಲದಲ್ಲಿ ಸಿರುಗುಪ್ಪದಿಂದ ಬಳ್ಳಾರಿಗೆ ಬಂಡಿ ಹೊಡೆಯುವವರಿಗೆ ಆ ಮರ ಕಂಡರೆ ಅರ್ಧ ಜೀವ ಬರುತ್ತಿತ್ತು. ಇಷ್ಟೂ ನಿಜ. ಅವರನ್ನು ಹೊಗಳಬೇಕಾದಷ್ಟನ್ನು ಮೊದಲೇ ಹೊಗಳಿಬಿಟ್ಟಿದ್ದೇನೆ. ಇನ್ನು ನನ್ನ ಸರದಿ.

ನಮ್ಮದು ಸಿರುಗುಪ್ಪದ ಊರಾಚೆಯ ಕೇರಿ. ಊರಿನವರು ನಮ್ಮನ್ನು ಮುಟ್ಟುತ್ತಿರಲಿಲ್ಲ, ನಾವು ಮುಟ್ಟಿದ ಚೊಂಬನ್ನೂ ಮುಟ್ಟುತ್ತಿರಲಿಲ್ಲ. ಹಾಗೆಂದು ಕಾರ್ಯದರ್ಶಿಗಳು ನಮಗೆ ನೀರು ಇಲ್ಲ ಎನ್ನುವವರಲ್ಲ. ನಮಗಾಗಿಯೇ ಒಂದು ಏರ್ಪಾಡು ಮಾಡಿದ್ದರು. ಎರಡು ಮೊಳದ ಬಿದಿರನ್ನು ಉದ್ದಕ್ಕೆ ಸೀಳಿ ಮಾಡಿದ ದೋಣಿ. ಮಡಕೆಯ ಹತ್ತಿರ ನಿಂತವನು ಆ ತುದಿಗೆ ನೀರು ಹೊಯ್ಯಬೇಕು, ನಾವು ಈ ತುದಿಯಲ್ಲಿ ಬಗ್ಗಿ ಬೊಗಸೆ ಒಡ್ಡಬೇಕು. ಎತ್ತರದಿಂದ ಸುರಿದರೆ ಆಗದೇ ಎಂದರೆ ಆಗದು, ಸಿಡಿದ ಹನಿ ಚೊಂಬಿಗೆ ತಾಗಬಹುದು. ಮಡಕೆ ಮುಟ್ಟುವವನು ಪಾಳಿಯಲ್ಲಿರುವ ಒಬ್ಬನೇ, ನಮ್ಮವರಿಗೆ ದೋಣಿಯಲ್ಲಿ ಮಾತ್ರ. ಇದು ಹಲಗೆಯ ಮೇಲೆ ಬರೆದ ನಿಯಮ, ಬರೆದವರು ಅವರೇ.

ಸ್ವಾತಂತ್ರ್ಯಕ್ಕೆ ಎರಡು ವರ್ಷ ಮೊದಲಿನ ಬೇಸಿಗೆ. ನನಗೆ ಹದಿನೆಂಟು. ಅಪ್ಪ ಸಾವುಕಾರರ ಹತ್ತಿ ಹೇರಿಕೊಂಡು ಬಳ್ಳಾರಿಗೆ ಬಂಡಿ ಹೊಡೆದಿದ್ದ, ನಾನೂ ಜೊತೆಗಿದ್ದೆ. ಬಂಡಿಯ ಕೆಳಗೆ ಕಟ್ಟಿದ್ದ ನೀರಿನ ಸೋರೆಬುರುಡೆ ಸಿರಿಗೇರಿ ದಾಟುವಾಗ ಕಲ್ಲಿಗೆ ಬಡಿದು ಒಡೆದಿತ್ತು. ಬೇವಿನ ಮರ ಮುಟ್ಟುವಾಗ ನಡು ಮಧ್ಯಾಹ್ನ. ಅಪ್ಪನ ನಾಲಿಗೆ ಹೊರಳುತ್ತಿರಲಿಲ್ಲ. ಅಂದು ಪಾಳಿಯಲ್ಲಿ ಕಾರ್ಯದರ್ಶಿಗಳೇ ಕೂತಿದ್ದರು.

ದೋಣಿ ಸೀಳಿತ್ತು. ಬಿಸಿಲಿಗೆ ಒಣಗಿ ತಳದಲ್ಲಿ ಬಿರುಕು ಬಿಟ್ಟಿತ್ತು. ಅವರು ಅದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಬಹಳ ಮೆತ್ತಗೆ ಹೇಳಿದರು.

"ದೋಣಿ ಸೀಳೈತಪ್ಪ. ಕುಂದ್ರು ಸ್ವಲ್ಪ. ಹೊಸಾದು ತರಿಸ್ತೀನಿ."

ಕುರುಗೋಡಿಗೆ ಆಳನ್ನು ಕಳಿಸಿದರು. ಅಪ್ಪ ಮರದ ನೆರಳಿಗೆ ಬರುವಂತಿಲ್ಲವಲ್ಲ, ಆಚೆ ಬಿಸಿಲಲ್ಲಿದ್ದ ಕಲ್ಲಿನ ಮೇಲೆ ಕೂತ. ಆರು ಮಡಕೆ ತುಂಬ ನೀರಿತ್ತು. ಮೊದಲನೆಯ ಮಡಕೆಯ ಮೇಲೆ ಹಿತ್ತಾಳೆ ಚೊಂಬು ಬೋರಲಾಗಿ ಕೂತಿತ್ತು. ಲಾವಂಚದ ವಾಸನೆ ನಮ್ಮ ಮೂಗಿಗೆ ಬರುತ್ತಿತ್ತು, ವಾಸನೆಗೆ ಯಾವ ನಿಯಮವೂ ಇರಲಿಲ್ಲ. ನಡುವೆ ಬೇರೆ ಬಂಡಿಯವರು ಬಂದರು, ಕುಡಿದರು, ಹೋದರು. ಬಿದಿರು ತರಲು ಹೋದವನು ಬರಲೇ ಇಲ್ಲ. ಹತ್ತಿ ಇಳಿಸಬೇಕಾದ ಮಿಲ್ಲಿನ ಬಾಗಿಲು ಮುಚ್ಚಿಬಿಟ್ಟಾರು ಎಂದು ಅಪ್ಪ ಎದ್ದ. "ಇನ್ನೇನು ಬರ್ತಾನಪ್ಪ" ಎಂದು ಅವರು ಹಿಂದಿನಿಂದ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಬಳ್ಳಾರಿ ಇನ್ನು ಎರಡು ಮೈಲಿ ಇರುವಾಗ ಅಪ್ಪ ಬಂಡಿಯ ಮೂಕಿಯ ಮೇಲಿಂದ ಬಿದ್ದ. ಬಿಸಿಲು ಬಡಿದಿದೆ ಎಂದರು. ಮೂರನೆಯ ದಿನ ಬಾಯಿಗೆ ನೀರು ಬಿಟ್ಟರೆ ಕಟವಾಯಿಯಿಂದ ಹೊರಗೆ ಹರಿಯಿತು. ಅಷ್ಟೇ.

ಇಲ್ಲ ಎಂದು ಬೈದು ಕಳಿಸಿದ್ದರೆ ನಾನು ಬಹುಶಃ ಮರೆಯುತ್ತಿದ್ದೆ. ಅಂಥವರು ಹೆಜ್ಜೆಗೊಬ್ಬರಿದ್ದರು. ಆ ಮೆತ್ತನೆಯ ದನಿಯನ್ನು ಮಾತ್ರ ನನಗೆ ನುಂಗಲಾಗಲಿಲ್ಲ. ಅದೇ ಕಲ್ಲಿನ ಮೇಲೆ ಅವರನ್ನು ಕೂರಿಸಬೇಕು, ಅದೇ ಮಾತನ್ನು ಅವರಿಗೆ ಹೇಳಬೇಕು, ನಾಲ್ಕು ಜನರ ಮುಂದೆ ಅವರ ಬಾಯಿಂದ 'ತಪ್ಪಾಯಿತು' ಎನ್ನಿಸಬೇಕು. ನನಗೆ ಬೇಕಿದ್ದುದು ಇಷ್ಟೇ, ಅದಕ್ಕಾಗಿ ಎಷ್ಟು ವರ್ಷ ಬೇಕಾದರೂ ಕಾಯಲು ತಯಾರಿದ್ದೆ.

ಸ್ವಾತಂತ್ರ್ಯ ಬಂದ ಮರುವರ್ಷ ಕಾರ್ಯದರ್ಶಿಗಳು ತಾವೇ ನಮ್ಮ ಕೇರಿಗೆ ಬಂದರು. ಕಾಲ ಬದಲಾಗಿದೆ, ಸಂಘದ ಹಲಗೆಯಿಂದ ದೋಣಿಯ ನಿಯಮ ಅಳಿಸಿದ್ದೇವೆ, ಓದಿದ ಹುಡುಗರು ಸದಸ್ಯರಾಗಬೇಕು ಎಂದರು. ನಾನು ಎಂಟನೆಯ ಇಯತ್ತೆ ಓದಿದ್ದೆ. ಎಲ್ಲರಿಗಿಂತ ಮೊದಲು ಸಹಿ ಹಾಕಿದೆ. ಅವರು ನನ್ನ ಬೆನ್ನು ತಟ್ಟಿದರು. ಯಾರ ಮಗ ಎಂದು ಕೇಳಲಿಲ್ಲ.

ನನ್ನ ಹೊಟ್ಟೆಯೊಳಗಿನದು ಅವ್ವನಿಗೆ ಗೊತ್ತಿತ್ತು. "ಸೇರೋದಾದ್ರ ನೆಟ್ಟಗ ಸೇರು. ಉಂಡ ಮನಿಗೆ ಎರಡು ಬಗೀಬ್ಯಾಡಲೇ" ಎಂದಳು.

"ನಾ ಅಲ್ಲಿ ಉಣ್ಣಾಕ ಹೋಗವಲ್ಲೆ" ಎಂದೆ.

ಹೀಗೆ ನಾನು ಸೇವೆಗೆ ಇಳಿದೆ. ಎದೆಗೆ ಹಿತ್ತಾಳೆಯ ಬಿಲ್ಲೆ, ತಲೆಗೆ ಬಿಳಿ ಟೋಪಿ. ಭಾನುವಾರ ಬೆಳಿಗ್ಗೆ ಚರಂಡಿ ಬಳಿಯುವುದು, ಕೈಕಾಲು ಮುರಿದವರಿಗೆ ಪಟ್ಟಿ ಕಟ್ಟುವುದು, ಬೇನೆಯವರನ್ನು ಡೋಲಿಯಲ್ಲಿ ಹೊತ್ತು ತರುವುದು ಎಲ್ಲ ಕಲಿತೆ. ಕಲಿಸಿದವರು ಅವರೇ. ಡೋಲಿ ಹೊರುವಾಗ ಮುಂದಿನವನು ಎಡಗಾಲು ಇಟ್ಟರೆ ಹಿಂದಿನವನು ಬಲಗಾಲು ಇಡಬೇಕು, ಇಲ್ಲದಿದ್ದರೆ ಮಲಗಿದವನಿಗೆ ತೊಟ್ಟಿಲು ತೂಗಿದಂತಾಗುತ್ತದೆ ಎಂದು ಅವರು ನನ್ನ ಕಾಲು ಹಿಡಿದು ತೋರಿಸಿದ್ದರು. ನನ್ನ ಕಾಲು ಹಿಡಿದು! ಬೇರೆಯವನಾಗಿದ್ದರೆ ಕರಗಿಬಿಡುತ್ತಿದ್ದ. ನಾನು ಆ ತಗ್ಗಿದ ತಲೆಯನ್ನೇ ನೋಡುತ್ತ, ಈಗಲ್ಲ, ಈಗಲ್ಲ ಎಂದುಕೊಂಡೆ.

ಹಚ್ಚೊಳ್ಳಿಯಲ್ಲಿ ವಾಂತಿಭೇದಿ ಹುಟ್ಟಿದಾಗ ಬಾವಿಗಳಿಗೆ ಕೆಂಪು ಔಷಧಿ ಹಾಕಲು ಹೋದೆವು. ಊರ ಬಾವಿಯ ಕಟ್ಟೆ ಹತ್ತಿದೆ. ಗೌಡರ ಮನೆಯವರು ಅಡ್ಡ ಬಂದರು, ಇವನು ಹತ್ತಬಾರದು ಎಂದರು. ಕಾರ್ಯದರ್ಶಿಗಳು ಕೊಡೆ ಮಡಚಿ ಕಟ್ಟೆಯ ಮೇಲಿಟ್ಟು, "ಇವ ಹಾಕಿದ್ರನ ಔಷಧಿ. ಇಲ್ಲಾಂದ್ರ ನಾವು ಹೊಳ್ಳಿ ಹೋಗ್ತೀವಿ, ನೀವುಂಟು ನಿಮ್ಮ ಬ್ಯಾನಿ ಉಂಟು" ಎಂದರು. ಗೌಡರ ಕಡೆಯವರು ಸರಿದು ನಿಂತರು. ನಾನು ಔಷಧಿ ಸುರಿದೆ, ಬಾವಿಯ ನೀರು ದಾಳಿಂಬೆ ರಸದ ಬಣ್ಣಕ್ಕೆ ತಿರುಗಿತು. ಜೊತೆಯವರು ಇಂಥ ಮನುಷ್ಯ ಎಲ್ಲಿದ್ದಾರೆ ಎಂದರು. ನಾನು ಅವರನ್ನು ಅತಿ ಹೆಚ್ಚು ದ್ವೇಷಿಸಿದ್ದು ಅಂದು. ಒಳ್ಳೆಯವರಾಗುವುದು ಇಷ್ಟು ಸಲೀಸಾಗಿದ್ದರೆ ಮೂರು ವರ್ಷ ಮೊದಲೇ ಆಗಬಹುದಿತ್ತಲ್ಲ. ಒಂದು ಕೊಡೆ ಮಡಚುವಷ್ಟು ಕೆಲಸ. ಅಪ್ಪ ಬದುಕುತ್ತಿದ್ದ.

ಸಂಘದ ಉಗ್ರಾಣ ಗುಡಿಸುವಾಗ ಏಣಿ, ಲಾಟೀನುಗಳ ಹಿಂದೆ ಆ ದೋಣಿ ಸಿಕ್ಕಿತು. ತಳದ ಬಿರುಕು ಹಾಗೇ ಇತ್ತು. ಹಳೆಯ ಧೋತರದಲ್ಲಿ ಸುತ್ತಿ ಮನೆಗೆ ತಂದೆ.

ಅವಕಾಶವನ್ನೂ ಅವರೇ ಒದಗಿಸಿದರು. ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂದು ಚಹದ ಅಂಗಡಿಗಳಲ್ಲಿ ಜಗಳ ನಡೆಯುತ್ತಿದ್ದ ವರ್ಷಗಳವು. ಒಂದು ಬೇಸಿಗೆಗೆ ಕುರುಗೋಡು ತಿರುವಿನ ಅರವಟ್ಟಿಗೆಯನ್ನು ನಾನು ನೋಡಿಕೊಳ್ಳಬೇಕು ಎಂದು ಅವರು ಸಭೆಯಲ್ಲಿ ಸೂಚಿಸಿದರು. ಇಬ್ಬರು ಸದಸ್ಯರು ಬಿಲ್ಲೆ ಕಿತ್ತು ಮೇಜಿನ ಮೇಲಿಟ್ಟು ಹೋದರು. ಕಾರ್ಯದರ್ಶಿಗಳು ಬಗ್ಗಲಿಲ್ಲ.

ಅರವಟ್ಟಿಗೆ ತೆರೆಯುವ ದಿನ ಮೊದಲ ನೀರು ಕಾರ್ಯದರ್ಶಿಗಳದು. ನೀರು ಕೆಟ್ಟಿದ್ದರೆ ಮೊದಲು ನನ್ನ ಹೊಟ್ಟೆ ಕೆಡಲಿ ಎಂದು ಅವರೇ ಹಾಕಿದ ಪದ್ಧತಿ. ಅವರು ಕುಡಿಯದೆ ಬೇರೆ ಯಾರೂ ಕುಡಿಯುವಂತಿಲ್ಲ. ಆ ದಿನ ಬಳ್ಳಾರಿಯಿಂದ ಹತ್ತಿಪ್ಪತ್ತು ಜನ ಬಂದಿದ್ದರು, ಬಂಡಿಯವರು ನಿಂತಿದ್ದರು. ಕಾರ್ಯದರ್ಶಿಗಳು ಬಿಸಿಲಲ್ಲಿ ನಡೆದು ಬಂದು ನಗುತ್ತ ನನ್ನ ಮುಂದೆ ನಿಂತರು. ವಯಸ್ಸಾಗಿತ್ತು, ಏದುಸಿರು ಬಿಡುತ್ತಿದ್ದರು. ನಾನು ಚೊಂಬು ಮುಟ್ಟಲಿಲ್ಲ. ಧೋತರ ಬಿಚ್ಚಿ ದೋಣಿ ತೆಗೆದೆ, ಬೆಳಕಿಗೆ ಹಿಡಿದೆ.

"ದೋಣಿ ಸೀಳೈತ್ರಿ. ಕುಂದ್ರಿ ಸ್ವಲ್ಪ. ಹೊಸಾದು ತರಿಸ್ತೀನಿ."

ಬಿಸಿಲಲ್ಲಿದ್ದ ಕಲ್ಲನ್ನು ತೋರಿಸಿದೆ. ಅವರು ನನ್ನನ್ನು ನೋಡಿದರು, ದೋಣಿಯನ್ನು ನೋಡಿದರು, ಹೋಗಿ ಕಲ್ಲಿನ ಮೇಲೆ ಕೂತರು. ಒಬ್ಬಿಬ್ಬರು ಮಡಕೆಯ ಕಡೆ ಬಂದಾಗ ಅವರೇ ಕೈ ಎತ್ತಿ ತಡೆದರು. ಪಾಳಿ ನನ್ನದು, ಮಡಕೆ ಮುಟ್ಟುವವನು ಒಬ್ಬನೇ. ಕೂತೇ ಇದ್ದರು. ಕೋಟಿನ ಬೆನ್ನು ಒದ್ದೆಯಾಯಿತು. ತುಟಿ ಬೆಳ್ಳಗಾಯಿತು. ನನಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಏಳು ವರ್ಷದಲ್ಲಿ ಅಷ್ಟು ಹಿತವಾದ ಗಳಿಗೆ ಇನ್ನೊಂದಿರಲಿಲ್ಲ.

ಕೊನೆಗೆ ಅವರು ಕೇಳಿದರು, "ಯಾರು ಕುಂತಿದ್ರಪ್ಪ ಇಲ್ಲಿ?"

ಹೇಳಿದೆ. ಬಂಡಿ, ಒಡೆದ ಬುರುಡೆ, ಬಿದಿರು ತರಲು ಹೋದವನು, ಮೂರನೆಯ ದಿನ, ಎಲ್ಲ. ಅವರು ಕಣ್ಣು ಮುಚ್ಚಿ ಹುಡುಕಿದರು. ನಿಜವಾಗಿಯೂ ಹುಡುಕಿದರು.

"ನೆನಪಿಲ್ಲಪ್ಪ. ಎಷ್ಟೋ ಮಂದಿ ಕುಂದ್ರತಿದ್ರು."

ಇದಕ್ಕೆ ನಾನು ತಯಾರಿರಲಿಲ್ಲ. ಅಳಬಹುದು, ಬೈಯಬಹುದು, ಸುಳ್ಳು ಹೇಳಬಹುದು ಎಂದುಕೊಂಡಿದ್ದೆ. ನಮ್ಮ ಮನೆಯ ದೀಪ ಆರಿದ ದಿನ ಅವರಿಗೆ ಒಂದು ಮಾಮೂಲಿ ಮಧ್ಯಾಹ್ನವಾಗಿತ್ತು. ಅವರು ಕಣ್ಣು ತೆರೆದು ಮತ್ತೆ ಕೇಳಿದರು.

"ನೀನೂ ಇದ್ದೇನು ಅವತ್ತು?"

"ಇದ್ದೆ."

"ಚೊಂಬು ಮಡಕಿ ಮ್ಯಾಲೇ ಇರ್ತಿತ್ತು. ಮತ್ತ ನೀ ಯಾಕ ಕೊಡಲಿಲ್ಲ?"

ಚುಚ್ಚಿ ಕೇಳಿದ್ದಲ್ಲ. ಕಾಲರಾ ಶಿಬಿರದಲ್ಲಿ ರಾತ್ರಿ ಪಾಳಿ ಯಾರದಿತ್ತು ಎಂದು ಕೇಳುವ ದನಿಯಲ್ಲೇ ಕೇಳಿದರು. ದೋಣಿಗೂ ನಿಯಮಕ್ಕೂ ನಾನು ಅವರನ್ನು ಎಂದಾದರೂ ಕ್ಷಮಿಸಿದ್ದೇನು. ಆ ಪ್ರಶ್ನೆಗೆ ಮಾತ್ರ ಕ್ಷಮೆಯಿಲ್ಲ. ಅದನ್ನು ಕೇಳುವ ಹಕ್ಕು ಭೂಮಿಯ ಮೇಲೆ ಯಾರಿಗಿದ್ದರೂ ಅವರಿಗಿರಲಿಲ್ಲ.

ದೋಣಿ ಎತ್ತಿ ನೀರು ಹೊಯ್ದೆ. ಅವರು ಎದ್ದು ಬಂದು ಬಗ್ಗಿ ಬೊಗಸೆ ಒಡ್ಡಿದರು. ಅರ್ಧ ನೀರು ಬಿರುಕಿನಿಂದ ಸೋರಿ ಅವರ ಕಾಲ ಮೇಲೆ ಬಿತ್ತು, ಉಳಿದದ್ದನ್ನು ಕುಡಿದರು. ಇನ್ನಷ್ಟು ಹೊಯ್ಯಿ ಎಂದು ಸನ್ನೆ ಮಾಡಿದರು. ಬಾಯಿ ಒರೆಸಿಕೊಂಡು, "ತಂಪದಾವ. ಬರ್ರಿ, ಕುಡೀರಿ" ಎಂದು ಬಂಡಿಯವರನ್ನು ಕರೆದರು. ಹೋಗುವಾಗ, "ಆ ದೋಣಿ ಸಂಘದ ಸಾಮಾನು, ಉಗ್ರಾಣದಾಗ ಇಟ್ಟುಬಿಡು" ಎಂದರು. ಅಷ್ಟೇ. 'ತಪ್ಪಾಯಿತು' ಎಂಬ ಮಾತು ಬರಲಿಲ್ಲ.

ನನ್ನನ್ನು ಸಂಘದಿಂದ ತೆಗೆಯುತ್ತಾರೆ ಎಂದುಕೊಂಡೆ, ತೆಗೆಯಲಿಲ್ಲ. ನಾನೇ ಬಿಡುತ್ತೇನೆ ಎಂದುಕೊಂಡೆ, ಬಿಡಲಿಲ್ಲ. ಯಾಕೆಂದು ಗೊತ್ತಿಲ್ಲ… ಭಾನುವಾರ ಬರುತ್ತಿತ್ತು, ಡೋಲಿ ಹೊರಲು ಜನ ಬೇಕಾಗುತ್ತಿತ್ತು. ಬಳ್ಳಾರಿ ಮೈಸೂರಿಗೆ ಸೇರಿದ ವರ್ಷವೇ ಅವರು ತೀರಿಕೊಂಡರು. ಸಿರುಗುಪ್ಪಕ್ಕೆ ಸುದ್ದಿ ಬಂದು ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಂಘದ ಕೋಣೆಯಲ್ಲಿ ಅವರ ಕೊಡೆ ಮೊಳೆಗೆ ನೇತಾಡುತ್ತಿತ್ತು. ಅದರ ಮುಂದೆ ನಿಂತಾಗ ನನಗೆ ಬಂದ ಸಿಟ್ಟು ಅಪ್ಪ ಸತ್ತಾಗಲೂ ಬಂದಿರಲಿಲ್ಲ. ಹೇಳಬೇಕಾದದ್ದನ್ನು ಕೇಳಿಸಿಕೊಳ್ಳದೆ ಹೋಗಿಬಿಟ್ಟಿದ್ದರು.

ಯಾಕೆಂದರೆ ಅವರ ಪ್ರಶ್ನೆಗೆ ಉತ್ತರ ನನ್ನಲ್ಲಿತ್ತು. ಅಂದು ಅವರು ಬಿದಿರು ತರುವವನ ದಾರಿ ನೋಡುತ್ತ ಆ ಕಡೆ ತಿರುಗಿದ್ದಾಗ ನಾನು ಚಪ್ಪರದ ಹತ್ತಿರ ಹೋಗಿದ್ದೆ. ಚೊಂಬಿಗೆ ಕೈ ಚಾಚಿದ್ದೆ. ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದವನು ಅಪ್ಪ. ಏಳಲಾರದ ಮನುಷ್ಯ ಕಲ್ಲಿನಿಂದ ಎದ್ದು ಬಂದು ಹಿಡಿದಿದ್ದ. "ಬ್ಯಾಡಲೇ. ಮಂದಿ ಕುಡಿಯೋ ನೀರದು. ಮೈಲಿಗಿ ಮಾಡಬ್ಯಾಡ." ಒಣಗಿದ ಬಾಯಿಂದ ಅವನು ಆಡಿದ ಕೊನೆಯ ನೆಟ್ಟಗಿನ ಮಾತು ಅದು. ಅರವಟ್ಟಿಗೆ ತೆರೆದ ದಿನ ಅಷ್ಟು ಜನರ ಮುಂದೆ ಅದನ್ನು ಹೇಳಿ ಅಪ್ಪನನ್ನು ಹೇಗೆ ಸಣ್ಣವನನ್ನಾಗಿ ಮಾಡಲಿ? ಒಬ್ಬರೇ ಸಿಕ್ಕಾಗ ಹೇಳಬೇಕು, ಸಾಯುವವನ ಕೈಗೆ ಅಷ್ಟು ಬಲ ಬರುವಂತೆ ಕಲಿಸಿದವರು ಯಾರು ಎಂದು ಕೇಳಬೇಕು ಎಂದುಕೊಂಡಿದ್ದೆ. ಇಂದು ನಾಳೆ ಎನ್ನುತ್ತ ಉಳಿಯಿತು. ಈಗ ಅಪ್ಪನಿಲ್ಲ, ಅವರಿಲ್ಲ, ಆ ಬೇವಿನ ಮರವೂ ಇಲ್ಲ.

ಸೊಸೆ ಇಟ್ಟ ಲೋಟ ಸಂಜೆಯವರೆಗೂ ಕಿಟಕಿಯ ಹತ್ತಿರ ಹಾಗೇ ಇತ್ತು. ಮೇಲೆ ಒಂದು ತಟ್ಟೆ ಮುಚ್ಚಿದ್ದಳು. ನಾನು ಕೈ ಚಾಚಿದೆ. ಯಾರೂ ಹಿಡಿಯಲಿಲ್ಲ.