ಮುಚ್ಚಳ ಬಿಗಿಯಾದ ಡಬ್ಬಿ

ಕಿರವತ್ತಿಯ ಢಾಬಾದಲ್ಲಿ ಚಹಾ ಬರುವುದರೊಳಗೆ ನನ್ನ ತಲೆ ಕೆಟ್ಟುಹೋಯಿತು. ಭಾನುವಾರ ಬಂತೆಂದರೆ ಅಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಜಿಯೋಕ್ಯಾಶಿಂಗ್‌ಗೆ ಹೊರಡುತ್ತೇನೆ. ಯಾರೋ ಕಾಡಿನಲ್ಲಿ ಬಚ್ಚಿಟ್ಟು, ಇಂಟರ್‌ನೆಟ್ಟಿನಲ್ಲಿ ಜಾಗ ತಿಳಿಸಿದ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ ಅದು. ಒಳಗಿನದೊಂದು ಸಾಮಾನು ತೆಗೆದುಕೊಂಡರೆ ನಮ್ಮದೊಂದು ಇಡಬೇಕು. ಡಬ್ಬಿ ಮಾತ್ರ ಅಲ್ಲೇ ಇರಬೇಕು.

ಇಂದು ಯಲ್ಲಾಪುರದ ಹತ್ತಿರ ಮುಳ್ಳಿನಲ್ಲಿ ಕೈಕಾಲು ತರಚಿಸಿಕೊಂಡು, ಮತ್ತಿಮರದ ಬುಡದಲ್ಲಿ ಅದನ್ನು ಪತ್ತೆ ಮಾಡಿದವನು ನಾನು. ಒಳಗಿದ್ದ ಆಟಿಕೆ ಕಾರು ನೋಡಿ ಅಮ್ಮ, "ಇದಕ್ಕೆ ಇಷ್ಟು ದೂರ ಬರವಾ ತಮಾ?" ಎಂದಳು. ಡಬ್ಬಿ ವಾಪಸ್ ಇಡುವ ಕೆಲಸ ಅವಳಿಗೆ ಬಿಟ್ಟು ಬೈಕ್ ತಿರುಗಿಸಲು ಹೋದದ್ದೇ ತಪ್ಪಾಯಿತು.

ಈಗ ಅವಳು ಚೀಲದಿಂದ ಆ ಡಬ್ಬಿಯನ್ನೇ ತೆಗೆದು ಟೇಬಲ್ಲಿನ ಮೇಲಿಟ್ಟಳು. ಒಳಗೆ ಮನೆಯಿಂದ ತಂದ ಅವಲಕ್ಕಿ!

"ಅಮಾ, ಇದನ್ನ ಎಂತಕೆ ತಂದೆ?"

"ಒಂದ್ ತಗಂಡ್ರೆ ಒಂದ್ ಇಡವು ಹೇಳಿ ನೀನೇ ಹೇಳಿದ್ದಲ್ದಾ? ಇದ್ರ ಮುಚ್ಚಳ ಬಿಗಿ ಇದ್ದು. ಕಾರು-ಗೀರು ಎಲ್ಲ ಅವಲಕ್ಕಿ ತಂದ ನಮ್ಮ ಡಬ್ಬಿಗೆ ಹಾಕಿ ಅಲ್ಲೇ ಇಟ್ಟಿಕ್ಕೆ ಬಂದಿ."

"ಆ ಹಳೇ ಉಪ್ಪಿನಕಾಯಿ ಡಬ್ಬಿಯಾ?"

"ಹೌದು. ಘಮ್ ಹೇಳಿ ವಾಸನೆ ಇದ್ದಲಾ, ಮುಂದೆ ಬಪ್ಪವಕ್ಕೆ ಹುಡುಕದು ಸುಲಭ ಆಗ್ತು."